ತೃಪ್ತಿಯನ್ನರಿಯದ ಇಲಿ

ವಿಘ್ನೇಶ್ವರನ ವಾಹನವೆಂದು ಚೌತಿಯ ದಿನ ಇಲಿಗೂ ಕೈಮುಗಿಯುತ್ತೇವೆ. ಅಕ್ಕಿಯ ಮೂಟೆ ತೂತಾಯಿತೆಂದು ಮರುದಿನವೇ ಬೋನು ಇಡುತ್ತೇವೆ. ವಿಜ್ಞಾನಿಗಳ ಬಳಿ ಈ ಪ್ರಾಣಿಗೆ ಬೇರೊಂದು ಸ್ಥಾನವುಂಟು. ತಂದೆತಾಯಿಗಳ ಗುಣದೋಷಗಳು ಮಕ್ಕಳಿಗೆ ಹೇಗೆ ಇಳಿದುಬರುತ್ತವೆ ಎಂಬುದನ್ನು ಅರಿಯಲು ಅದು ಬಹು ಅನುಕೂಲವಾದುದು. ಗರ್ಭ ಧರಿಸಿದ ಸುಮಾರು 20 ದಿನಗಳಲ್ಲಿ ಅದು ಮರಿ ಹಾಕುತ್ತದೆ. ಮನುಷ್ಯರಲ್ಲಿ ನೂರು ವರ್ಷ ಕಾಯಬೇಕಾದ ನಾಲ್ಕು ತಲೆಮಾರುಗಳನ್ನು ಇಲಿಗಳಲ್ಲಿ ಒಂದೇ ವರ್ಷದೊಳಗೆ ಕಾಣಬಹುದು.

ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರ್ ಎಂಬ ಕಡಲತೀರದ ಊರಿನಲ್ಲಿ, ಇಂತಹ ಇಲಿಗಳ ಅಧ್ಯಯನಕ್ಕಾಗಿಯೇ ಕ್ಲಾರೆನ್ಸ್ ಕುಕ್ ಲಿಟ್ಲ್ ಎಂಬವರು 1929ರಲ್ಲಿ ಜಾಕ್ಸನ್ ಪ್ರಯೋಗಾಲಯವನ್ನು ಸ್ಥಾಪಿಸಿದರು. 1949ರಲ್ಲಿ ಅಲ್ಲಿಯ ಕೆಲವು ಮರಿಗಳು ಮಿತಿಮೀರಿ ಕೊಬ್ಬತೊಡಗಿದುವು. ಎಷ್ಟು ತಿಂದರೂ ಅವುಗಳಿಗೆ ಸಾಕೆನಿಸದು. ಬೆಳೆದಾಗ ಸಾಧಾರಣ ಇಲಿಯ ಮೂರು ಪಟ್ಟು ತೂಗಿದುವು. ಆದರೆ ಅವುಗಳ ತಂದೆತಾಯಿಗಳು ತೆಳ್ಳಗೇ ಇದ್ದುವು!

ಇದು ಹೇಗೆ? ಪ್ರತಿಯೊಂದು ಗುಣಕ್ಕೂ ತಾಯಿಯಿಂದ ಒಂದು, ತಂದೆಯಿಂದ ಒಂದು, ಹೀಗೆ ಎರಡು ವಂಶವಾಹಿಗಳು ಮರಿಗೆ ಬರುತ್ತವೆ. ಎರಡರಲ್ಲಿ ಒಂದು ಕೆಟ್ಟಿದ್ದರೆ ಇನ್ನೊಂದು ಕೆಲಸ ನಡೆಸುತ್ತದೆ. ದೋಷವು ಅಡಗಿಯೇ ಇರುತ್ತದೆ. ಅಡಗಿದ ದೋಷವುಳ್ಳ ಎರಡು ಇಲಿಗಳು ಕೂಡಿದಾಗ, ಹುಟ್ಟುವ ಮರಿಗಳಲ್ಲಿ ಸುಮಾರು ನಾಲ್ಕರಲ್ಲೊಂದಕ್ಕೆ ಎರಡೂ ಕೆಟ್ಟವೇ ಒದಗುತ್ತವೆ.

1966ರಲ್ಲಿ ಅಂತಹುದೇ ಇನ್ನೊಂದು ವಂಶದ ವರದಿಯಾಯಿತು. ಈ ಇಲಿಗಳಿಗೆ ಬೊಜ್ಜಿನೊಡನೆ ಸಿಹಿಮೂತ್ರರೋಗವೂ ತೀವ್ರವಾಗಿತ್ತು. ಡಗ್ಲಾಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ಮೈಯನ್ನು ಹೊಲಿಗೆಯಿಂದ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಓದುವಾಗ ಮನಸ್ಸಿಗೆ ನೋವಾಗುವುದು ಸಹಜ. ಆದರೆ ತಿಳಿದುಬಂದ ಸಂಗತಿ ದೊಡ್ಡದು. ಮೊದಲ ವಂಶದ ಇಲಿಯನ್ನು ಸಾಧಾರಣ ಇಲಿಗೆ ಜೋಡಿಸಿದಾಗ ಅದು ಕಡಿಮೆ ತಿನ್ನತೊಡಗಿತು. ಎರಡನೆಯ ವಂಶದ ಇಲಿಯನ್ನು ಜೋಡಿಸಿದಾಗ, ಅದು ಕೊಬ್ಬಿಯೇ ಇತ್ತು. ಸಾಧಾರಣ ಇಲಿಯೇ ತಿನ್ನುವುದನ್ನು ಬಿಟ್ಟು ಸತ್ತಿತು. ಎರಡು ವಂಶದವುಗಳನ್ನೇ ಪರಸ್ಪರ ಜೋಡಿಸಿದಾಗಲೂ ಉಪವಾಸ ಬಿದ್ದು ಸತ್ತುದು ಮೊದಲನೆಯದು. ಇದರಿಂದ ಕೋಲ್ಮನ್ನರು ಊಹಿಸಿದುದೇನೆಂದರೆ, ‘ಹೊಟ್ಟೆ ತುಂಬಿತು, ಸಾಕು’ ಎಂದು ಮಿದುಳಿಗೆ ತಿಳಿಸುವ ವಸ್ತುವೊಂದು ರಕ್ತದಲ್ಲಿದೆ. ಮೊದಲ ಇಲಿಗೆ ಆ ವಸ್ತುವಿಲ್ಲ. ಎರಡನೆಯದಕ್ಕೆ ಅದು ಹೇರಳವಾಗಿದ್ದರೂ ಅದರ ಮಾತು ಕೇಳಿಸದು.

ಊಹೆ ನಿಜವೆಂದು ತೋರಿಸಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. 1994ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ವಂಶವಾಹಿಯನ್ನು ಪತ್ತೆಹಚ್ಚಿದರು. ಅದು ಹುಟ್ಟಿಸುವ ವಸ್ತುವಿಗೆ ‘ತೆಳ್ಳಗಿನ’ ಎಂಬರ್ಥದ ಗ್ರೀಕ್ ಪದದಿಂದ ಲೆಪ್ಟಿನ್ ಎಂದು ಹೆಸರಾಯಿತು. ಅದು ಹುಟ್ಟುವುದು ಶರೀರದ ಕೊಬ್ಬಿನಲ್ಲಿಯೇ.

1997ರಲ್ಲಿ ಇಂಗ್ಲೆಂಡಿನಲ್ಲಿ ಒಂದೇ ಮನೆತನದ ಇಬ್ಬರು ಮಕ್ಕಳಲ್ಲಿ ಇದೇ ಕೊರತೆ ಕಂಡುಬಂತು. ಅವರಲ್ಲೊಬ್ಬ ಬಾಲಿಕೆಗೆ ಲೆಪ್ಟಿನನ್ನು ಚುಚ್ಚುಮದ್ದಾಗಿ ಕೊಡಲು, ಹಸಿವು ಹದಕ್ಕೆ ಬಂದು ತೂಕವಿಳಿಯಿತೆಂದು 1999ರಲ್ಲಿ ಪ್ರಕಟವಾಯಿತು. ‘ಹೊಟ್ಟೆಬಾಕ’ ಎಂದು ಗದರಿಸಿದ್ದರೆ ಆ ಮಗುವಿಗೆ ಏನು ಫಲ? ಅದು ರಕ್ತಸಂಬಂಧದೊಳಗೆ ಮದುವೆಗಳಾದ ಮನೆತನ. ಅಡಗಿದ ದೋಷಗಳೆರಡು ಒಂದೆಡೆ ಸೇರುವ ಸಂಭವ ಅಂತಹ ಕಡೆ ಹೆಚ್ಚು. ಸೋದರಮಾವನ ಮನೆಯಿಂದಲೇ ಹೆಣ್ಣು ತರುವ ವಾಡಿಕೆಯುಳ್ಳ ನಮ್ಮ ಪಾಲಕರು ಇದನ್ನು ಲಕ್ಷ್ಯದಲ್ಲಿಡುವುದು ಒಳ್ಳೆಯದು.

ಇಂತಹ ಮಕ್ಕಳು ಅತಿ ವಿರಳ. ದಪ್ಪಗಿರುವ ಹೆಚ್ಚಿನವರ ರಕ್ತದಲ್ಲಿ ಲೆಪ್ಟಿನ್ ಸಾಕಷ್ಟಿದ್ದು, ಮಿದುಳು ಅದಕ್ಕೆ ಸರಿಯಾಗಿ ಓಗೊಡದು. ಅವರಿಗೆ ಈ ಮದ್ದಿನಿಂದ ಹೇಳಿಕೊಳ್ಳುವಂತಹ ಪ್ರಯೋಜನವಿಲ್ಲ. ಹಾಗೇಕೆಂಬ ಶೋಧನೆಗೆ ಈ ವಂಶಗಳ ಇಲಿಗಳನ್ನು ಜಾಕ್ಸನ್ ಪ್ರಯೋಗಾಲಯದವರು ಇಂದಿಗೂ ಸಾಕುತ್ತಿದ್ದಾರೆ. ಕೊಬ್ಬಿದ ಇಲಿಗಳಿಗೆ ಸಾಮಾನ್ಯವಾಗಿ ಸಂತಾನವಾಗದುದರಿಂದ, ದೋಷವನ್ನು ಒಳಗೇ ಹೊತ್ತ ತೆಳ್ಳಗಿನ ಒಡಹುಟ್ಟುಗಳಿಂದಲೇ ವಂಶವನ್ನು ಮುಂದುವರಿಸಬೇಕಾಗುತ್ತದೆ.