ಉಳಿ ಮಸೆಯುವ ಬಗೆ

ಬಡಗಿ ಕೆಲಸದಲ್ಲಿ ಕೈಗೆ ಗಾಯವಾಗುವುದು ಹರಿತವಾದ ಉಳಿಯಿಂದ ಎಂದು ಹಲವರು ತಿಳಿದಿದ್ದಾರೆ. ಮೊಂಡು ಉಳಿಯೇ ಹೆಚ್ಚು ಅಪಾಯದ್ದು. ಹರಿತವಾದ ಉಳಿ ಮೆಲ್ಲನೆ ಒತ್ತಿದರೆ ಒತ್ತಿದ ಕಡೆಗೆ ಹೋಗುತ್ತದೆ. ಮೊಂಡು ಉಳಿಗೆ ಮೈಭಾರವನ್ನೆಲ್ಲ ಹಾಕಬೇಕು. ಅದು ಮರವನ್ನು ಕಚ್ಚದೆ ಜಾರುತ್ತದೆ. ಜಾರಿದಾಗ ಎದುರಿಗಿರುವುದು ನಮ್ಮದೇ ಎಡಗೈ. ಚೌಕಟ್ಟಿನ ಮರ ಸೀಳಿಹೋದ ನಷ್ಟ ಬೇರೆ. ಆದುದರಿಂದ ಉಳಿ ಮಸೆಯುವ ಕೆಲಸವನ್ನು ಬಡಗಿಗಳಷ್ಟೇ ಅಲ್ಲ, ನೇಗಿಲು, ಕುಂಟೆಗಳನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ರೈತರೂ ಕಲಿತಿರುವುದು ಒಳ್ಳೆಯದು.

ಉಳಿಯ ಬಾಯಿ ಎಂದರೆ ಎರಡು ಮುಖಗಳು ಕೂಡುವ ಗೆರೆ. ಒಂದು ಮುಖ ಇಳಿಜಾರು, ಇನ್ನೊಂದು ಚಪ್ಪಟೆಯಾದ ಬೆನ್ನು. ಬಹಳ ಮಂದಿ ಇಳಿಜಾರನ್ನು ಮಾತ್ರ ಉಜ್ಜಿ ಬೆನ್ನನ್ನು ಮರೆಯುತ್ತಾರೆ. ಬೆನ್ನಿನಲ್ಲಿ ತುಕ್ಕಿನ ಕುಳಿಗಳಿದ್ದರೆ ಇಳಿಜಾರನ್ನು ಎಷ್ಟು ತಿಕ್ಕಿದರೂ ಬಾಯಿ ಗರಗಸದಂತೆಯೇ ಉಳಿಯುವುದು. ಹೊಸ ಉಳಿ ತಂದ ದಿನವೇ ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಬಾಯಿಯ ಕಡೆಯ ಒಂದಂಗುಲವಾದರೂ ಒಂದೇ ಸಮನಾಗಿ ಹೊಳೆಯುವ ತನಕ ಉಜ್ಜಬೇಕು. ಈ ಶ್ರಮ ಒಂದು ಉಳಿಗೆ ಒಂದೇ ಸಲ. ಆಮೇಲೆ ಬೆನ್ನನ್ನು ಎಂದಿಗೂ ಎತ್ತಿ ಮಸೆಯಕೂಡದು.

ಇಳಿಜಾರಿನ ಕೋನ ಸಾಮಾನ್ಯ ಕೆಲಸಕ್ಕೆ 25 ಡಿಗ್ರಿ, ತುದಿಯಲ್ಲಿ 30 ಡಿಗ್ರಿ. ಕೋನಮಾಪಕ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಅಲಗಿನ ದಪ್ಪ 3 ಮಿಲಿಮೀಟರ್ ಇದ್ದು ಇಳಿಜಾರಿನ ಉದ್ದ 7 ಮಿಲಿಮೀಟರ್ ಆದರೆ ಕೋನ 25 ಡಿಗ್ರಿಗೆ ಸರಿಸುಮಾರು ಬಂತು. 6 ಮಿಲಿಮೀಟರ್ ಆದರೆ, ಅಂದರೆ ದಪ್ಪದ ಎರಡರಷ್ಟಾದರೆ, 30 ಡಿಗ್ರಿ. ಜಾಲಿಯಂಥ ಗಟ್ಟಿ ಮರದಲ್ಲಿ ಕೊಡತಿಯಿಂದ ಹೊಡೆದು ಕುಳಿ ತೆಗೆಯುವ ಉಳಿಗೆ ಇನ್ನೂ ಸ್ವಲ್ಪ ಹೆಚ್ಚಿನ ಕೋನವಿರಲಿ. ತೆಳ್ಳಗೆ ಮಸೆದದ್ದು ಬೇಗ ಹರಿತವಾಗುತ್ತದೆ ನಿಜ, ಆದರೆ ಎರಡು ಏಟಿಗೇ ಬಾಯಿ ಮುಕ್ಕಾಗುತ್ತದೆ.

ಅಂಗಡಿಗಳಲ್ಲಿ ಸಿಗುವ, ಒಂದು ಮಗ್ಗುಲು ಒರಟು, ಇನ್ನೊಂದು ನಯವಾಗಿರುವ ಕಾರ್ಬೊರಂಡಂ ಕಲ್ಲು ಊರ ಕೆಲಸಕ್ಕೆ ಸಾಕು. ಹಿಂದೆ ನಮ್ಮಲ್ಲಿ ಕುರುಂದದ ಕಲ್ಲಿನ ಪುಡಿಯನ್ನು ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡುತ್ತಿದ್ದರು. ವಜ್ರವನ್ನು ಬಿಟ್ಟರೆ ಕುರುಂದದಷ್ಟು ಗಟ್ಟಿಯಾದ ಖನಿಜ ಬಹಳ ಅಪರೂಪ. ಇಂಗ್ಲಿಷಿನವರು ಆ ಹೆಸರನ್ನು ನಮ್ಮ ದಕ್ಷಿಣದ ಭಾಷೆಗಳಿಂದಲೇ ತೆಗೆದುಕೊಂಡರು. ಇರಲಿ. ಕಲ್ಲಿಗೆ ತೆಳು ಯಂತ್ರದ ಎಣ್ಣೆಯನ್ನೋ ನೀರನ್ನೋ ಹಾಕಬಹುದು; ಒಮ್ಮೆ ಎಣ್ಣೆ ಹಾಕಿದ ಕಲ್ಲಿಗೆ ಮತ್ತೆ ನೀರು ಹಿಡಿಯದು. ಅಡಿಗೆ ಎಣ್ಣೆ ಮಾತ್ರ ಬೇಡ, ಅದು ಅಂಟಾಗಿ ಕಲ್ಲಿನ ರಂಧ್ರಗಳನ್ನು ಮುಚ್ಚಿಬಿಡುತ್ತದೆ.

ಇಳಿಜಾರನ್ನು ಕಲ್ಲಿಗೆ ಸರಿಯಾಗಿ ಕೂರಿಸಿ, ಮೊಣಕೈಯನ್ನು ಮೈಗೆ ಒತ್ತಿಕೊಂಡು, ಕಲ್ಲಿನ ಪೂರ್ತಿ ಉದ್ದಕ್ಕೂ ಹಿಂದೆ ಮುಂದೆ ತಿಕ್ಕಿರಿ. ಕೈ ಏರಿಳಿದರೆ ಇಳಿಜಾರು ಗುಂಡಾಗುತ್ತದೆ; ಹೊಸಬರ ತಪ್ಪೆಲ್ಲ ಇಲ್ಲೇ. ಬೆನ್ನಿನ ಮೇಲೆ ಬಾಯಿಯಿಂದ ಹೊರಕ್ಕೆ ಬೆರಳಾಡಿಸಿದಾಗ ನೂಲಿನಷ್ಟು ತೆಳುವಾದ ಉಕ್ಕಿನ ಎಳೆ ಅಡ್ಡಗಲಕ್ಕೂ ತಗುಲಬೇಕು. ಅದು ಬರುವ ಮೊದಲು ನಯವಾದ ಮಗ್ಗುಲಿಗೆ ಹೋದರೆ ಮಾಡಿದ ಕೆಲಸ ವ್ಯರ್ಥ. ಬಂದ ಮೇಲೆ ನಯವಾದ ಮಗ್ಗುಲಿನಲ್ಲಿ ಉಳಿಯನ್ನು ಕೂದಲೆಳೆಯಷ್ಟು ಎತ್ತಿ ಹತ್ತು ಸಲ ತಿಕ್ಕಿ, ಬೆನ್ನನ್ನು ಮಲಗಿಸಿ ಒಂದೆರಡು ಸಲ ಎಳೆಯಿರಿ. ಕೊನೆಗೆ ಹಲಗೆಗೆ ಅಂಟಿಸಿದ ಹಳೆಯ ತೊಗಲಿನ ಪಟ್ಟಿಯ ಮೇಲೆ ಬಾಯಿ ಹಿಂದಾಗಿ ಎಳೆದರೆ ಉಳಿದ ಎಳೆಯೂ ಬಿಡುತ್ತದೆ. ಪರೀಕ್ಷೆಗೆ ಮೆತ್ತನೆಯ ಮರದ ಕೊಯ್ದ ತುದಿಯನ್ನು ಕೆತ್ತಿ ನೋಡಿ. ನಾರು ನಜ್ಜುಗುಜ್ಜಾಗದೆ ನುಣುಪಾಗಿ ಬಂದರೆ ಉಳಿ ಸಿದ್ಧ. ಬೆರಳಿನ ಮೇಲೆ ಪರೀಕ್ಷೆ ಬೇಡ.

ಕಲ್ಲು ನಡುವೆ ತಗ್ಗು ಬಿದ್ದಿದ್ದರೆ ಬಾಯಿ ನೇರವಾಗದು. ಸಮವಾದ ಕಲ್ಲು ಚಪ್ಪಡಿಯ ಮೇಲೆ ಮರಳು, ನೀರು ಹಾಕಿ ಕಲ್ಲನ್ನೇ ಅದರ ಮೇಲೆ ತಿಕ್ಕಿ ಸಮ ಮಾಡಿಕೊಳ್ಳಬೇಕು.

ಈಗ ಬಹಳ ಊರುಗಳಲ್ಲಿ ವಿದ್ಯುತ್ತಿನ ಸಾಣೆಚಕ್ರ ಉಂಟು. ಬಾಯಿ ಮುಕ್ಕಾದ ಉಳಿಗೆ ಅದು ಉಪಕಾರಿ, ಆದರೆ ಅವಸರಗಾರನಿಗೆ ಅಲ್ಲ. ನನ್ನ ತಂದೆಯವರು ಮೂವತ್ತು ವರ್ಷ ಬಳಸಿದ ಒಂದಂಗುಲದ ಉಳಿಯನ್ನು ನಾನು ಚಕ್ರಕ್ಕೆ ಒತ್ತಿ ಹಿಡಿದೆ. ಅರೆ ನಿಮಿಷದಲ್ಲಿ ತುದಿ ನವಿಲಿನ ಕೊರಳಿನಂತೆ ನೀಲಿಯಾಯಿತು. ಅವರು ನೋಡಿ ಏನೂ ಅನ್ನಲಿಲ್ಲ, ಉಳಿಯನ್ನು ಎತ್ತಿಕೊಂಡು ಒಳಗೆ ಹೋದರು. ಸಾಮಾನ್ಯ ಉಕ್ಕು ಸುಮಾರು 230 ಡಿಗ್ರಿ ಸೆಂಟಿಗ್ರೇಡಿನಲ್ಲಿ ಒಣಹುಲ್ಲಿನ ಬಣ್ಣ ತಾಳುತ್ತದೆ, 300ರ ಹತ್ತಿರ ನೀಲಿಯಾಗುತ್ತದೆ. ನೀಲಿಯಾಯಿತೆಂದರೆ ಹದ ಕೆಟ್ಟಿತು. ಆ ಭಾಗ ಮೆತ್ತಗಾಗಿ ಹರಿತ ನಿಲ್ಲದು. ಚಕ್ರದ ಬಳಿ ನೀರಿನ ಡಬ್ಬಿ ಇಟ್ಟುಕೊಂಡು, ಒಂದೆರಡು ಸಲ ತಾಗಿಸಿದೊಡನೆ ಅದ್ದುತ್ತಿರಬೇಕು. ಬೆರಳಿಗೆ ಬಿಸಿ ತಟ್ಟುವ ತನಕ ಕಾಯಬಾರದು. ಕೆಟ್ಟುಹೋದುದಕ್ಕೆ ನೀಲಿ ಭಾಗವನ್ನು ಕಲ್ಲಿನ ಮೇಲೆ ನಿಧಾನವಾಗಿ ತಿಕ್ಕಿ ತೆಗೆಯುವುದು, ಇಲ್ಲವೇ ಕಮ್ಮಾರರಿಂದ ಮತ್ತೆ ಹದ ಹಾಕಿಸುವುದು, ಇವೆರಡೇ ದಾರಿ. ನಾನು ಮೊದಲನೆಯದನ್ನು ಮಾಡಿದೆ. ಆ ಉಳಿ ಈಗ ಕಾಲಂಗುಲ ಗಿಡ್ಡವಾಗಿದೆ, ಕೆಲಸಕ್ಕೆ ಅಡ್ಡಿಯಿಲ್ಲ.