ಬೆಂಕಿ ಆರಿತು ಸರಿ, ಮನೆಯೊಳಗಿನ ಗಾಳಿ ಅಳೆಯೋರು ಯಾರು?

ಅಪಾರ್ಟ್‌ಮೆಂಟಿಗೆ ಬೆಂಕಿ ಬಿದ್ದರೆ ಊರೆಲ್ಲ ಸೇರುತ್ತೆ. ಫೈರ್ ಇಂಜಿನ್ ಬರುತ್ತೆ, ನೀರು ಹೊಡೆಯುತ್ತೆ, ಹೋಗುತ್ತೆ. ನೋಡೋಕೆ ಬಂದ ಜನಾನೂ ಚದುರ್ತಾರೆ. ಮಾರನೇ ದಿನ ಮಾಲೀಕರ ಮಾತು ಒಂದೇ: "ನಿಮ್ಮ ಮನೆ ಉರಿದಿಲ್ವಲ್ಲ, ಪೇಂಟ್ ಹೊಡೆಸಿ ಕೊಡ್ತೀನಿ, ಬಂದು ಸೇರ್ಕೊಳ್ಳಿ." ಬಾಡಿಗೆದಾರ ಪಾಪ, ನೆಂಟರ ಮನೆಯಲ್ಲಿ ಎಷ್ಟು ದಿನ ಅಂತ ಇರ್ತಾನೆ? ಹಾಸಿಗೆ ಕೊಡವಿ ಮಗೂನ ಅದರ ಮೇಲೇ ಮಲಗಿಸ್ತಾನೆ.

ಅಪಾಯ ಇರೋದೇ ಅಲ್ಲಿ. ಬೆಂಕಿ ಮುಟ್ಟದ ಮನೆಯನ್ನೂ ಹೊಗೆ ಮುಟ್ಟಿರುತ್ತೆ.

ಹೊಗೆಯ ದಾರಿ ಎಂಥದು ಅಂತ 2010ರ ಫೆಬ್ರವರಿ 23ರಂದು ಬೆಂಗಳೂರು ನೋಡಿದೆ. ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಹತ್ತಿದ್ದು ವಿದ್ಯುತ್ ಕೇಬಲ್ಲಿನ ಡಕ್ಟಿನಲ್ಲಿ. ಹೊಗೆ ಮಾತ್ರ ಮಹಡಿಯಿಂದ ಮಹಡಿಗೆ ಏರಿತು. ಉಸಿರುಕಟ್ಟಿದವರು, ತಾಳಲಾರದೆ ಕಿಟಕಿಯಿಂದ ಹಾರಿದವರು ಸೇರಿ 9 ಜನ ಸತ್ತರು. ಅದು ಆಫೀಸು ಕಟ್ಟಡ, ನಿಜ. ಆದರೆ ಡಕ್ಟು, ಲಿಫ್ಟಿನ ಗುಂಡಿ, ಮೆಟ್ಟಿಲ ದಾರಿ, ಪೈಪಿನ ಸಂದು ವಾಸದ ಕಟ್ಟಡದಲ್ಲೂ ಇವೆಯಲ್ಲ? ಕೆಳಗಿನ ಅಂಗಡಿ ಉರಿದರೆ ನಾಲ್ಕನೇ ಮಹಡಿಯ ಅಡಿಗೆಮನೆಗೆ ಮಸಿ ಬರೋದು ಇದೇ ದಾರೀಲಿ.

ಉಳಿದ ಮನೆಯ ಕಥೆ

ಸೋಫಾದ ಫೋಮು, ವೈರಿನ ಪ್ಲಾಸ್ಟಿಕ್ಕು, ಪ್ಲೈವುಡ್ಡು, ಪೇಂಟು ಉರಿದಾಗ ಎರಡು ಬಗೆ ವಿಷ ಹೊರಡುತ್ತೆ. ಒಂದು, ಕಣ್ಣಿಗೆ ಕಾಣದಷ್ಟು ಸಣ್ಣ ಮಸಿ. ಇನ್ನೊಂದು, ಬೆಂಜೀನ್, ಫಾರ್ಮಾಲ್ಡಿಹೈಡ್‌ನಂಥ ಅನಿಲಗಳು. ಹೊಗೆಯ ಅನಿಲಗಳಲ್ಲಿ ಅನೇಕ ಗೋಡೆ, ಪರದೆ, ಹಾಸಿಗೆಗೆ ಅಂಟಿಕೊಂಡು ನಿಧಾನಕ್ಕೆ ಮತ್ತೆ ಗಾಳಿಗೆ ಬರ್ತಾ ಇರ್ತವೆ.

ಇದು ಅಂತೆಕಂತೆ ಅಲ್ಲ. ಅಮೆರಿಕದ ಕೊಲರಾಡೊದಲ್ಲಿ 2021ರ ಡಿಸೆಂಬರ್ 30ರಂದು ಕಾಡ್ಗಿಚ್ಚು ಊರಿಗೇ ನುಗ್ಗಿ ಸಾವಿರಕ್ಕೂ ಹೆಚ್ಚು ಮನೆ ಸುಟ್ಟುಹೋದವು. ಸುಡದೇ ಉಳಿದ ಮನೆಯ ಒಳಗಾಳಿಯನ್ನು ವಿಜ್ಞಾನಿಗಳು ಅಳೆದು ನೋಡಿದರು. ಹೊಗೆಯ ಅನಿಲ ಇಳಿಯೋಕೆ ವಾರಗಳೇ ಬೇಕಾದವು. ಕಿಟಕಿ ತೆಗೆದರೆ ಇಳಿಯುತ್ತಿತ್ತು, ಮುಚ್ಚಿದರೆ ಮತ್ತೆ ಏರುತ್ತಿತ್ತು!

ಅಳೆಯೋದು ಹೇಗೆ?

ಅಂಗಡಿಯಲ್ಲಿ ಸಿಗೋ ಕೈಮೀಟರು ತಂದಿಟ್ಟು "ನಂಬರ್ ಕಮ್ಮಿ ಇದೆ, ಪರವಾಗಿಲ್ಲ" ಅಂದರೆ ಸಾಲದು. ಅದು ಗಾಳಿಯಲ್ಲಿ ತೇಲೋ ಧೂಳನ್ನು ಮಾತ್ರ ಎಣಿಸುತ್ತೆ. ಬೀರುವಿನ ಮೇಲೆ ಕೂತ ಮಸಿ ಅದಕ್ಕೆ ಕಾಣೋದಿಲ್ಲ.

ಸರಿಯಾದ ಪರೀಕ್ಷೆಯಲ್ಲಿ ಮೂರು ಕೆಲಸ. ಫ್ಯಾನಿನ ರೆಕ್ಕೆ, ಬೀರುವಿನ ತಲೆ, ಏಸಿ ಜಾಲರಿಯಿಂದ ಮಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅದು ಬೆಂಕಿಯದೋ, ಒಗ್ಗರಣೆ, ಊದುಬತ್ತಿಯದೋ ಅಂತ ಬೇರ್ಪಡಿಸೋಕೆ ಇದು ಬೇಕು. ಎರಡನೇದು, ಪಂಪಿನಿಂದ ಗಾಳಿ ಎಳೆದು, ಫಿಲ್ಟರ್ ಕಾಗದದಲ್ಲಿ ನಿಂತ ಸಣ್ಣ ಧೂಳು ತೂಗೋದು. ನಮ್ಮ ದೇಶದ 2009ರ ಮಾನದಂಡದಲ್ಲಿ 2.5 ಮೈಕ್ರಾನಿನ ಧೂಳಿಗೆ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಅದು ಹೊರಗಾಳಿಗೆ ಮಾಡಿದ್ದು ಅನ್ನೋದು ನೆನಪಿರಲಿ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ 15 ಸಾಕು ಅಂದಿದೆ. ಮೂರನೇದು, ಕೊಳವೆಯಲ್ಲಿ ಅನಿಲ ಹಿಡಿದು ಪ್ರಯೋಗಾಲಯಕ್ಕೆ ಕಳಿಸೋದು.

ಇದರಲ್ಲಿ ಮೋಸಕ್ಕೂ ಜಾಗ ಉಂಟು. ಕಿಟಕಿ ಪೂರಾ ತೆಗೆದಿಟ್ಟು ಅಳೆದರೆ ಎಂಥ ಮನೇನೂ ಪಾಸು! ಕೆಲವು ಗಂಟೆ ಮುಚ್ಚಿಟ್ಟು ಅಳೆಯಬೇಕು. ಅದೇ ದಿನ ಹೊರಗಾಳಿಯನ್ನೂ ಹೊಗೆ ತಾಗದ ಇನ್ನೊಂದು ಮನೆಯನ್ನೂ ಅಳೆದು ತಾಳೆ ನೋಡಬೇಕು. ಹಳೇ ಕಟ್ಟಡದಲ್ಲಿ ಆಸ್ಬೆಸ್ಟಾಸ್ ಶೀಟು, ಸೀಸದ ಪೇಂಟು ಸುಟ್ಟಿದ್ದರೆ ಅದರ ಪರೀಕ್ಷೆ ಬೇರೆ. ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ, ಈ ಪರೀಕ್ಷೆಗಳಿಗೇ ಇದೆಯೇ ಅಂತ ಕೇಳಿ.

ಪೊರಕೆ ಬೇಡ, ಒದ್ದೆ ಬಟ್ಟೆ ಹಿಡೀರಿ

2022ರಲ್ಲಿ ಅಮೆರಿಕದ ಮೇರಿಲ್ಯಾಂಡಿನ ಒಂದು ಪರೀಕ್ಷಾ ಮನೆಯೊಳಗೆ ಬೇಕೆಂತಲೇ ಹೊಗೆ ಬಿಟ್ಟು ನೋಡಿದರು. ಗಾಳಿ ಶುದ್ಧ ಮಾಡೋ ಯಂತ್ರ ಓಡುವಷ್ಟು ಹೊತ್ತು ಮಾತ್ರ ಕೆಲಸ ಮಾಡಿತು. ನೆಲ, ಗೋಡೆ, ಸಾಮಾನು ಒರೆಸಿದ ಮೇಲೇ ಅನಿಲ ನಿಜವಾಗಿ ತಗ್ಗಿದ್ದು. ಒಣ ಪೊರಕೆಯಿಂದ ಗುಡಿಸಿದರೆ ಮಸಿ ಎದ್ದು ಮೂಗಿಗೇ ಬರುತ್ತೆ. ಎನ್-95 ಮುಖಗವಸು ಹಾಕಿಕೊಂಡು, ಮಕ್ಕಳನ್ನೂ ಉಬ್ಬಸದವರನ್ನೂ ಹೊರಗಿಟ್ಟು ಕೆಲಸ ಮಾಡಿ. ಪೇಂಟು ಕೊನೆಗೆ. ಮಸಿಯ ಮೇಲೆ ಬಣ್ಣ ಬಳಿದರೆ ಸಾಕ್ಷಿ ಮುಚ್ಚಿತೇ ಹೊರತು ಮನೆ ಶುದ್ಧವಾಗಲಿಲ್ಲ. ವಿಮೆ ಇದ್ದವರು ಒರೆಸೋ ಮುಂಚೆ ಫೋಟೋ ತೆಗೆದು, ಸರ್ವೇಯರಿಗೆ ತೋರಿಸಿ.

ಕೆಳಗಿನ ಅಂಗಡಿಯವರಿಗೂ ಒಂದು ಮಾತು: ಮಸಿ ಕೂತ ತೆರೆದ ಮೂಟೆಯ ಅಕ್ಕಿ, ಬೇಳೆ ಮಾರೋದು ಬೇಡ. ಗಿರಾಕಿ ಮನೇಲೂ ಮಕ್ಕಳಿದ್ದಾರೆ.

ಅಗ್ನಿಶಾಮಕ ದಳದವರು ಬೆಂಕಿ ಆರಿಸ್ತಾರೆ. ಒಳಗಾಳಿ ಅಳೆಯೋದು ಅವರ ಕೆಲಸವಲ್ಲ. ಮಾಲೀಕರಿಗೆ ಬಾಡಿಗೆ ಚಿಂತೆ, ಸಂಘದವರಿಗೆ ಮೆಂಟೆನೆನ್ಸ್ ಚಿಂತೆ. ಹಾಗಾದರೆ ಕೇಳಬೇಕಾದವರು ಯಾರು? ವಾಪಸ್ಸು ಹೋಗಿ ಮಲಗೋರೇ ಕೇಳಬೇಕು. ಎಲ್ಲ ಮನೆಯವರೂ ಸೇರಿ ಖರ್ಚು ಹಂಚಿಕೊಂಡರೆ ಒಬ್ಬರ ಮೇಲೆ ಭಾರ ಬೀಳೋದಿಲ್ಲ. ಬೀಗದಕೈ ಕೊಡೋಕೆ ಬಂದವರನ್ನು ಒಂದೇ ಪ್ರಶ್ನೆ ಕೇಳಿ: "ಪೇಂಟ್ ಆಯ್ತು ಸ್ವಾಮಿ, ಗಾಳಿ ವರದಿ ಎಲ್ಲಿ?"