ಷಾಕ್ ಹೊಡೆದವನನ್ನು ಮುಟ್ಟುವ ಮೊದಲು

ಮುಂಬಯಿ ಕನ್ನಡಿಗರಲ್ಲಿ ಉಡುಪಿ ಹೋಟೆಲಿನ ಇಡ್ಲಿ ತಿನ್ನದವರು ವಿರಳ. ಆ ಹಿಟ್ಟು ರುಬ್ಬುವ ಜಾಗವನ್ನು ಕಂಡವರು ಇನ್ನೂ ವಿರಳ. ಅಲ್ಲಿ ನೆಲ ಸದಾ ಒದ್ದೆ. ಬರಿಗಾಲಿನ ಹುಡುಗರು ಹಿಟ್ಟು ಮೆತ್ತಿದ ಕೈಯಿಂದಲೇ ಗ್ರೈಂಡರಿನ ಸ್ವಿಚ್ಚು ಒತ್ತುವುದುಂಟು. ವಯರಿನ ಮೇಲುಹೊದಿಕೆ ಒಂದೆಡೆ ಬಿರಿದಿದ್ದರೆ ಸಾಕು, 230 ವೋಲ್ಟಿನ ವಿದ್ಯುತ್ತು ಕೈಯ ಸ್ನಾಯುಗಳನ್ನು ಬಿಗಿದುಬಿಡುತ್ತದೆ, ಬಿಡಬೇಕೆಂದರೂ ಬಿಡಲಾಗದು.

ಆಗ ಪಕ್ಕದವನು ಓಡಿಬಂದು ತೋಳು ಹಿಡಿದೆಳೆಯುತ್ತಾನೆ. ಪ್ರೀತಿಯಿಂದಲೇ ಎಳೆಯುತ್ತಾನೆ, ನಿಜ. ಆದರೆ ಒಬ್ಬನಿಗೆ ತಗಲಿದ್ದು ಇಬ್ಬರಿಗೂ ತಗಲುತ್ತದೆ. ಅಮೆರಿಕದ ಪೊಲೀಸರು ಜನರನ್ನು ಕೆಡವಿ ಹಿಡಿಯಲು ಬಳಸುವ ಟೇಸರ್ ಪಿಸ್ತೂಲಿನ ಆಘಾತ ಸಾಮಾನ್ಯವಾಗಿ 5 ಸೆಕೆಂಡಿಗೆ ತಾನಾಗಿ ನಿಲ್ಲುತ್ತದೆ. ನಮ್ಮ ಗ್ರೈಂಡರಿನದು ಯಾರಾದರೂ ನಿಲ್ಲಿಸಿದರೆ ಮಾತ್ರ ನಿಂತೀತು.

ಆದುದರಿಂದ ಮೊದಲು ಮೇನ್ ಸ್ವಿಚ್ಚು. ಅದೆಲ್ಲಿದೆಯೆಂಬುದು ಹೋಟೆಲಿನ ಹೊಸ ಹುಡುಗನಿಗೂ ಮನೆಯ ಅಜ್ಜಿಗೂ ತಿಳಿದಿರಬೇಕು. ಅದು ಕೈಗೆಟುಕದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣ ಕೋಲಿನಿಂದಲೋ ಪ್ಲಾಸ್ಟಿಕ್ ಕುರ್ಚಿಯಿಂದಲೋ ವಯರನ್ನು ದೂರ ತಳ್ಳಬೇಕು. ಬಿದ್ದವನಿಗೆ ಎಚ್ಚರವಿಲ್ಲದೆ ಉಸಿರೂ ಸರಿಯಾಗಿ ಆಡದಿದ್ದರೆ ಒಬ್ಬರು 108ಕ್ಕೆ ಫೋನು ಮಾಡಲಿ. ಇನ್ನೊಬ್ಬರು ಎದೆಯ ನಟ್ಟನಡುವೆ ಅಂಗೈಯ ಮೇಲೆ ಅಂಗೈಯಿಟ್ಟು, ಎರಡು ಅಂಗುಲ ಇಳಿಯುವಂತೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುತ್ತಿರಲಿ. ಬಾಯಿಗೆ ನೀರು ಹಾಕುವುದು, ಪಾದ ತಿಕ್ಕುತ್ತ ಕೂರುವುದು ಬೇಡ.

ಈ ಕ್ರಮವನ್ನು ರೂಪಿಸಿದವರಲ್ಲಿ ಮುಖ್ಯರಾದ ವಿಲಿಯಂ ಕೌವೆನ್‌ಹೋವನ್ ವೈದ್ಯರಲ್ಲ, ವಿದ್ಯುತ್ ಎಂಜಿನಿಯರು! ಲೈನ್‌ಮನ್‌ಗಳ ಸಾವಿನಿಂದ ಚಿಂತೆಗೊಂಡ ವಿದ್ಯುತ್ ಕಂಪನಿಗಳು ಅವರ ಸಂಶೋಧನೆಗೆ ಹಣ ಕೊಟ್ಟವು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಅವರೂ ಇಬ್ಬರು ಸಹೋದ್ಯೋಗಿಗಳೂ 1960ರಲ್ಲಿ ಇದನ್ನು ಪ್ರಕಟಿಸಿದರು.

ರೈಲಿನ ತಂತಿಯ ಸಂಗತಿಯೇ ಬೇರೆ. 1925ರ ಫೆಬ್ರವರಿ 3ರಂದು ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿದಾಗ ಮೇಲಿನ ತಂತಿಯಲ್ಲಿದ್ದುದು 1,500 ವೋಲ್ಟು. 2016ರ ಹೊತ್ತಿಗೆ ಪಶ್ಚಿಮ, ಮಧ್ಯ, ಹಾರ್ಬರ್ ಮೂರೂ ಮಾರ್ಗಗಳಲ್ಲಿ ಅದು 25,000ಕ್ಕೇರಿತು. ಇದನ್ನು ಮುಟ್ಟಲೇಬೇಕೆಂದಿಲ್ಲ; ಸಮೀಪಿಸಿದರೂ ಹಾರಿ ಹೊಡೆಯುತ್ತದೆ. ಚಿತ್ರ ತೆಗೆದುಕೊಳ್ಳಲು ಗಾಡಿಯ ಮೇಲೇರುವ ಹುಡುಗರಿಗೆ ತಾಯ್ತಂದೆಗಳು ಇದನ್ನು ಗದರಿಯೇ ಹೇಳಬೇಕು. ಇಲ್ಲಿ ಕೋಲು, ಕುರ್ಚಿ ನಡೆಯವು. ದೂರವೇ ನಿಂತು ಸ್ಟೇಷನ್ ಮಾಸ್ತರರಿಗೋ 139ಕ್ಕೋ ತಿಳಿಸಬೇಕು. ವಿದ್ಯುತ್ತು ಕಡಿದಿದೆಯೆಂದು ರೈಲ್ವೆಯವರು ಹೇಳುವತನಕ ಹತ್ತಿರ ಸುಳಿಯಬಾರದು.

ಷಾಕ್ ಹೊಡೆದವನು ಕೆಲವೊಮ್ಮೆ ಎದ್ದು ಕುಳಿತು, "ಏನಾಗಿಲ್ಲ ಅಣ್ಣ, ಕೆಲಸಕ್ಕೆ ಹೋಗ್ತೇನೆ" ಎನ್ನುತ್ತಾನೆ. ಎದೆ ಹಾರುತ್ತಿದ್ದರೆ, ತಲೆ ಸುತ್ತಿ ಬಿದ್ದಿದ್ದರೆ, ಎಲ್ಲಿಯಾದರೂ ಸುಟ್ಟಿದ್ದರೆ, ಬಸುರಿಯಾಗಿದ್ದರೆ, ಮಾತು ಕೇಳದೆ ಆಸ್ಪತ್ರೆಗೆ ಕರೆದೊಯ್ದು ಇಸಿಜಿ ತೆಗೆಸಿ. ಹೊರಗೆ ಕಾಸಿನಗಲ ಸುಟ್ಟಂತೆ ಕಂಡರೂ ಒಳಗಿನ ಮಾಂಸ ಆಳಕ್ಕೆ ಬೆಂದಿರಬಹುದು. ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಿದರೆ ಮೂತ್ರಪಿಂಡಕ್ಕೆ ಅಪಾಯ. ಡಾಕ್ಟರಿಗೆ ಕೂಡಲೆ ಹೇಳಿ.

ಹೋಟೆಲಿನ ಯಜಮಾನರಲ್ಲಿ ನಮ್ಮದೊಂದು ಬಿನ್ನಹ. ಗ್ರೈಂಡರಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಎಂಸಿಬಿ ಇದೆಯಲ್ಲ ಎನ್ನಬೇಡಿ. ಅದು ಕಾಯುವುದು ವಯರನ್ನು, ಹುಡುಗನನ್ನಲ್ಲ.